ಎದುರು ಮನೆಯ ‘ಇಟ್ ಸೀಮ್ಸ್’ ಟೀಚರ್

ನಿನ್ನೆ ಸಂಜೆ ನನ್ನ ಯಜಮಾನರು ಆಫೀಸಿನಿಂದ ಬರುವಾಗ ಒಂದು ಖರ್ಜೂರದ ಡಬ್ಬಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಯಾರೋ ಕೊಟ್ಟದ್ದಂತೆ. ಅಬುಧಾಬಿಯ ಖಲೀಫಾ ಸಿಟಿಯ ಈ ಮನೆಯಲ್ಲಿ ಖರ್ಜೂರಕ್ಕೆ ಎಂತ ಬರ, ಫ್ರಿಜ್ಜಿನ ಬಾಗಿಲಲ್ಲೇ ಎರಡು ಪೊಟ್ಟಣ ಬಿದ್ದುಕೊಂಡಿವೆ. ಆದರೆ ಇದು ತಗಡಿನ ಡಬ್ಬಿ, ಹಳೇ ಕಾಲದ್ದು, ಮುಚ್ಚಳವನ್ನು ಚಮಚದ ಹಿಂಬದಿಯಿಂದ ಮೀಟಿ ಎಬ್ಬಿಸುವಂಥದ್ದು. ಎಬ್ಬಿಸಿದೆ. ಬೆಲ್ಲದ ಪಾಕ ಸ್ವಲ್ಪ ಹೊತ್ತಿದ ಹಾಗಿನ, ತಗಡಿನ ವಾಸನೆಯೂ ಸೇರಿಕೊಂಡ ಆ ಪರಿಮಳ ಮುಖಕ್ಕೆ ಬಂತು ನೋಡಿ... ಮುಚ್ಚಳ ಕೈಯಲ್ಲಿ ಹಿಡಿದು ಹಾಗೆಯೇ ನಿಂತುಬಿಟ್ಟೆ.

“ಎಂತಾಯ್ತು? ಹುಳ ಉಂಟಾ?” ಅಂದರು ಇವರು.

ಹುಳ ಇರಲಿಲ್ಲ. ಎದುರು ಮನೆಯ ಟೀಚರ್ ಇದ್ದರು.

ಆಗ ನಾವಿದ್ದದ್ದು ದುಬೈಯ ಡಿಸ್ಕವರಿ ಗಾರ್ಡನ್ಸಿನಲ್ಲಿ. ಮದುವೆಯಾಗಿ ಎಷ್ಟೋ ವರ್ಷ ಇವರು ಇಲ್ಲಿ ಐದಾರು ಗಂಡಸರ ಕೋಣೆಯಲ್ಲಿ ಒಂದು ಮಂಚ ಮಾತ್ರ ಬಾಡಿಗೆಗೆ ಸಿಗುವ ಬೆಡ್‌ಸ್ಪೇಸಿನಲ್ಲಿ, ನಾನು ಕಾರ್ಕಳದ ಹತ್ತಿರ ತವರಿನಲ್ಲಿ. ರಜೆಗೆ ಬಂದಾಗ ಮಗಳು ಇವರನ್ನು ‘ಮಾಮ’ ಅಂತ ಕರೆದು, ಇವರು ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಂಡದ್ದೂ ಉಂಟು. ಅಂತೂ ಇಂತೂ ಫ್ಯಾಮಿಲಿ ವೀಸಾ ಆಗಿ ನಾವಿಬ್ಬರೂ ಬಂದಿಳಿದಾಗ ಅವಳು ಊರಿನ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸು ಮುಗಿಸಿದ್ದಳು. ಊದ್ ಮೇಥಾದ ಕಡೆಯ ಒಂದು ಶಾಲೆಯವರು ಎರಡನೇ ಕ್ಲಾಸಿಗೆ ತೆಗೆದುಕೊಂಡರು, ಆದರೆ ಒಂದು ಷರತ್ತಿನ ಮೇಲೆ. ಟರ್ಮ್ ಮುಗಿಯುವಾಗ ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡುತ್ತೇವೆ, ಮಾತಾಡಿದರೆ ಇರುತ್ತಾಳೆ, ಇಲ್ಲದಿದ್ದರೆ ಸೀಟು ಬಿಡಬೇಕು. ಬೇರೆ ಶಾಲೆಗಳಲ್ಲಿ ವಿಚಾರಿಸಿದರೆ ಒಂದೋ ಜಾಗ ಇರಲಿಲ್ಲ, ಇಲ್ಲವೋ ಅಲ್ಲಿ ಕಾಲಿಡುವ ತಾಕತ್ತು ನಮಗಿರಲಿಲ್ಲ. ಮಗಳಿಗೆ ಶಾಲೆ ಇಲ್ಲದಿದ್ದರೆ ನಾವಿಬ್ಬರೂ ಊರಿಗೆ, ಇವರು ಮತ್ತೆ ಬೆಡ್‌ಸ್ಪೇಸಿಗೆ. ಇದನ್ನು ನಾವು ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಹೊಸ ಸೋಫಾ ತರುವ ಮಾತು ಬಂದಾಗಲೆಲ್ಲ ಇಬ್ಬರೂ ಸುಮ್ಮನಾಗುತ್ತಿದ್ದೆವು.

ಆ ಹುಡುಗಿಯೋ, ಶಾಲೆಗೆ ಸೇರಿದ ಎರಡನೇ ದಿನವೇ ಬಾಯಿಗೆ ಬೀಗ ಹಾಕಿಕೊಂಡಳು. ಆದದ್ದು ಇಷ್ಟು. ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಅನ್ನಬಾರದು, ‘ಹೋಗಿ ಬರ್ತೇನೆ’ ಅನ್ನಬೇಕು ಅಂತ ನನ್ನ ಅಮ್ಮ ಅವಳಿಗೆ ಕಲಿಸಿದ್ದರಲ್ಲ. ಶಾಲೆ ಬಿಟ್ಟಾಗ ಇವಳು ಬ್ಯಾಗು ಹೆಗಲಿಗೇರಿಸಿಕೊಂಡು ಮಿಸ್ಸಿನ ಮುಂದೆ ನಿಂತು “ಮಿಸ್, ಐ ವಿಲ್ ಗೋ ಅಂಡ್ ಕಮ್” ಅಂದಿದ್ದಾಳೆ. ಮಿಸ್ ಪಾಪ ಒಳ್ಳೆಯವರೇ, “ಓಕೆ, ಕಮ್ ಫಾಸ್ಟ್” ಅಂದರಂತೆ, ಟಾಯ್ಲೆಟ್ಟಿಗೆ ಅಂದುಕೊಂಡು. ಇವಳು ಬಸ್ಸು ಹತ್ತಿ ಕೂತಿದ್ದಾಳೆ. ಅಲ್ಲಿ ಮಗು ಕಾಣೆ ಅಂತ ಹುಡುಕಾಟ. ಆಮೇಲೆ ವಿಷಯ ಗೊತ್ತಾಗಿ ಮರುದಿನ ಇಡೀ ಕ್ಲಾಸು ಬಿದ್ದುಬಿದ್ದು ನಕ್ಕಿತು. ಅಷ್ಟೇ. ಅವತ್ತಿನಿಂದ ಶಾಲೆಯಲ್ಲಿ ಇಂಗ್ಲಿಷೂ ಇಲ್ಲ, ಯಾವ ಭಾಷೆಯೂ ಇಲ್ಲ. ಕೇಳಿದ್ದು ಅರ್ಥವಾಗುತ್ತಿತ್ತು, ಬರೆದರೆ ಬರೆಯುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ನಾನು ಮನೆಯಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದೆ. ವಾಟ್ ಈಸ್ ದಿಸ್? ಹೇಳು. ಹೇಳೇ. ಹೇಳುತ್ತೀಯೋ ಇಲ್ಲವೋ? ನನ್ನ ಇಂಗ್ಲಿಷೂ ಅಷ್ಟರದ್ದೇ, ಅದು ಬೇರೆ ವಿಷಯ. ಒಂದು ಸಂಜೆ ನಾನು ಹೀಗೆ ಗಂಟಲು ಏರಿಸಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಎದುರು ಮನೆಯ ಹೆಂಗಸು, ಕೈಯಲ್ಲಿ ಮುಚ್ಚಿದ ತಟ್ಟೆ, ತುಟಿಗಳ ನಡುವೆ ತಲೆವಸ್ತ್ರದ ಗುಂಡುಸೂಜಿ. ಆ ಸೂಜಿ ಬಾಯಲ್ಲಿರುವಾಗಲೇ ಮಾತಾಡುವುದು ಅವರ ಅಭ್ಯಾಸ, ನನಗೆ ಯಾವಾಗಲೂ ಅದರದ್ದೇ ಹೆದರಿಕೆ.

“ಅಲ್ಲ ಮಾರಾಯ್ತಿ, ಪೊಲೀಸರ ಹಾಗೆ ಕೇಳಿದ್ರೆ ಯಾರು ಬಾಯಿ ಬಿಡ್ತಾರೆ?” ಅಂದರು. ತಟ್ಟೆಯಲ್ಲಿ ಬಿಸಿ ಅಕ್ಕಿರೊಟ್ಟಿ ಇತ್ತು.

ಅವರು ಸುರತ್ಕಲ್ ಕಡೆಯ ಬ್ಯಾರಿಗಳು. ಮದುವೆಗೆ ಮುಂಚೆ ಊರಿನ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವರು. ಅವರ ಯಜಮಾನರಿಗೆ ದೇರಾದಲ್ಲಿ ಬಟ್ಟೆ ಅಂಗಡಿಯ ಕೆಲಸ, ಮಗಳು ಮದುವೆಯಾಗಿ ಸೌದಿಯ ದಮ್ಮಾಮಿನಲ್ಲಿ. ಗಂಡನ ಹತ್ತಿರ ಬ್ಯಾರಿ ಭಾಷೆ, ತರಕಾರಿಯವನ ಹತ್ತಿರ ತುಳು, ನನ್ನ ಹತ್ತಿರ ಕನ್ನಡ, ಮೂರರಲ್ಲೂ ಗದರುವ ಧಾಟಿ ಒಂದೇ. ಇಡೀ ಬಿಲ್ಡಿಂಗಿಗೆ ಅವರು ಟೀಚರ್. ಸಂಜೆಯ ಅಸರ್ ನಮಾಜು ಮುಗಿಸಿ ಒಂದು ಕಪ್ ಸುಲೈಮಾನಿ ಚಹಾ ಕುಡಿದರೆಂದರೆ ಅವರ ಹಾಲಿನ ಕಾರ್ಪೆಟ್ಟಿನ ಮೇಲೆ ಅಕ್ಕಪಕ್ಕದ ನಾಲ್ಕೈದು ಮಕ್ಕಳು ಸೇರುತ್ತಿದ್ದರು. ಟ್ಯೂಶನ್ ಅಲ್ಲ, ಪುಸ್ತಕವೂ ಇಲ್ಲ. ನಡುವೆ ಒಂದು ಖಾಲಿ ಖರ್ಜೂರದ ಡಬ್ಬಿ ಮಾತ್ರ.

ಡಬ್ಬಿಯೊಳಗೆ ಇದ್ದದ್ದು ಗುಜರಿ. ಕೋಟಿನ ದೊಡ್ಡ ಗುಂಡಿ, ಬೀಗ ಕಳೆದುಹೋದ ಕೀಲಿಕೈ, ಹಲ್ಲು ಮುರಿದ ಬಾಚಣಿಗೆ, ಸಮುದ್ರದ ಚಿಪ್ಪು, ದುಡ್ಡು ಮುಗಿದ ಮೆಟ್ರೋ ಕಾರ್ಡು. ಒಂದು ಮಗು ಕಣ್ಣುಮುಚ್ಚಿ ಕೈಹಾಕಿ ಏನಾದರೂ ತೆಗೆಯಬೇಕು, ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಬೇಕು. ಮುಂದಿನ ಮಗು ಇನ್ನೊಂದು ವಸ್ತು ತೆಗೆದು ಅದೇ ಕತೆಯನ್ನು ಮುಂದೆ ಎಳೆಯಬೇಕು. ಗುಂಡಿ ಕಳೆದುಕೊಂಡ ರಾಜ ಬಾಚಣಿಗೆ ಹಿಡಿದು ಮೆಟ್ರೋ ಹತ್ತಿ ಜೆಬೆಲ್ ಅಲಿಗೆ ಬರುವವರೆಗೂ ಕತೆ ಹೋಗುತ್ತಿತ್ತು. ಸಾಕು ಅನಿಸಿದಾಗ ಟೀಚರ್ ‘ಖಲಾಸ್’ ಅಂದು ಮುಚ್ಚಳ ಹಾಕುವರು. ಮಕ್ಕಳ ಕೈಯೆಲ್ಲ ಖರ್ಜೂರದ ವಾಸನೆ.

ನನ್ನ ಮಗಳ ಮೊದಲ ದಿನದ ಕತೆ, ಅದೇ ‘ಗೋ ಅಂಡ್ ಕಮ್’, ಕೇಳಿ ಅವರು ನಗಲಿಲ್ಲ. “ಅದ್ರಲ್ಲಿ ತಪ್ಪೆಂತ ಉಂಟು? ಹೋಗಿ ಬರ್ತೇನೆ ಅಂದವ್ರು ವಾಪಸ್ ಬರ್ಬೇಕು, ಅಷ್ಟೆ” ಅಂದರು. ಮರುದಿನದಿಂದ ಅವರ ಮನೆಯಲ್ಲಿ ಹೊಸ ಕಾಯಿದೆ. ಆಟ ಮುಗಿಸಿ ಹೊರಡುವ ಪ್ರತಿ ಮಗುವೂ ಚಪ್ಪಲಿ ಹಾಕಿಕೊಳ್ಳುತ್ತಾ “ಐ ವಿಲ್ ಗೋ ಅಂಡ್ ಕಮ್, ಟೀಚರಾಂಟಿ” ಅನ್ನಬೇಕು. ಲಾಹೋರಿನ ಹುಡುಗಿಯೂ ಅಂದಳು, ತ್ರಿಶೂರಿನವಳೂ ಅಂದಳು. ನಮ್ಮವಳು ಅನ್ನಲಿಲ್ಲ, ಆದರೆ ಎಲ್ಲರೂ ಅನ್ನುವುದನ್ನು ನಿಂತು ಕೇಳಿದಳು.

ಆಟದಲ್ಲೂ ಹಾಗೆಯೇ. ಅವಳ ಸರದಿ ಬಂದಾಗ ಒಂದು ವಸ್ತು ತೆಗೆದು, ಅಂಗೈಯಲ್ಲಿಟ್ಟು ನೋಡಿ, ಪಕ್ಕದವಳಿಗೆ ದಾಟಿಸುತ್ತಿದ್ದಳು. ಟೀಚರ್ ಒಂದು ಮಾತು ಅನ್ನುತ್ತಿರಲಿಲ್ಲ. ವಾರಗಳು ಹೋದವು. ನನಗೋ ಒಳಗೊಳಗೆ ಬೆಂಕಿ. ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆ, ಅದನ್ನು ಯಾಕೆ ಮುಚ್ಚಿಡಲಿ. ಮಗಳು ಬಂದು “ಯಾಕಮ್ಮ?” ಅಂದರೆ “ನೀರುಳ್ಳಿ, ಮಗಾ” ಅನ್ನುತ್ತಿದ್ದೆ.

ಒಂದು ದಿನ ಅವಳನ್ನು ಕರೆದುಕೊಂಡು ಬರಲು ಹೋಗಿದ್ದೆ. ಬಾಗಿಲಲ್ಲೇ ಅವಳು ನನ್ನ ನೈಟಿ ಎಳೆದು ಕನ್ನಡದಲ್ಲಿ ಶುರುಮಾಡಿದಳು. “ಅಮ್ಮ, ಆ ಗುಂಡಿ ರಾಜನದ್ದಂತೆ. ರಾಜನಿಗೆ ತುಂಬ ಚಳಿಯಂತೆ. ಗುಂಡಿ ಬಿದ್ದುಹೋಗಿ ಎದೆಗೆಲ್ಲ ಗಾಳಿ ಹೊಕ್ಕಿತಂತೆ.” ಉಸಿರು ಬಿಡದೆ ಕತೆ ಪೂರ್ತಿ ಹೇಳಿದಳು. ಉಳಿದ ಮಕ್ಕಳು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಒಂದು ಎಳೆ ಬಿಡದೆ. ಒಳಗೆ ಲೋಟ ತೊಳೆಯುತ್ತಿದ್ದ ಟೀಚರ್ ನಲ್ಲಿ ನಿಲ್ಲಿಸಿ ಕೇಳಿಸಿಕೊಂಡರು. ಒದ್ದೆ ಕೈಯಲ್ಲೇ ಬಂದು ನನ್ನ ಭುಜಕ್ಕೊಂದು ಪೆಟ್ಟು ಕೊಟ್ಟರು.

“ನೋಡಿದ್ರಾ? ಅಂತೆ ಅಂತೆ ಅಂತ ಎಷ್ಟು ಚಂದ ಹೇಳ್ತಾಳೆ! ಇವಳಿಗೆ ಇಂಗ್ಲಿಷಿನದ್ದು ಹೆದ್ರಿಕೆ ಅಲ್ಲ, ತಪ್ಪಾದ್ರೆ ನಗ್ತಾರೆ ಅಂತ ಹೆದ್ರಿಕೆ. ಅಂತೆ ಹಾಕಿದ್ರೆ ತಪ್ಪು ಇವಳದ್ದಲ್ಲ ಅಲ್ವಾ?”

ಮರುದಿನ ಮಕ್ಕಳನ್ನು ಕೂರಿಸಿ ಆಟದ ಕಾಯಿದೆ ತಿದ್ದಿದರು. ಇವತ್ತಿನಿಂದ ಪ್ರತಿ ವಾಕ್ಯದ ಕೊನೆಗೂ ‘ಇಟ್ ಸೀಮ್ಸ್’ ಹಾಕಬೇಕು. ನಮ್ಮ ಅಂತೆಗೆ ನಮ್ಮ ಊರಿನವರು ಇಂಗ್ಲಿಷಿನಲ್ಲಿ ಹೇಳಿಕೊಂಡು ಬಂದದ್ದು ಅದನ್ನೇ ಅಲ್ಲವಾ. “ಇಟ್ ಸೀಮ್ಸ್ ಹಾಕಿದ್ರೆ ಮಿಸ್ಟೇಕೆಲ್ಲ ನಿಮಗೆ ಕತೆ ಹೇಳಿದವ್ರದ್ದು. ನೀವು ಬರೀ ಪೋಸ್ಟ್‌ಮ್ಯಾನ್” ಅಂತ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ವಿವರಿಸಿ, ಕೊನೆಗೆ ನನ್ನ ಮಗಳ ಕಡೆ ತಿರುಗಿ ಕನ್ನಡದಲ್ಲೂ ಹೇಳಿದರು.

ಮಗಳನ್ನು ಬಿಡಲು ಬಂದ ನಾನು ಅವತ್ತು ಮನೆಗೆ ವಾಪಸು ಹೋಗಲೇ ಇಲ್ಲ. ಅವರ ಬಾಗಿಲ ಹತ್ತಿರ ಚಪ್ಪಲಿಗಳ ನಡುವೆ ನಿಂತುಕೊಂಡೆ. ಡಬ್ಬಿ ಸುತ್ತಿ ಬಂತು. ಮಗಳು ಕೈಹಾಕಿದಳು. ಬಂದದ್ದು ಅದೇ ಕೋಟಿನ ಗುಂಡಿ. ತಿರುಗಿಸಿ ನೋಡಿದಳು, ಪಕ್ಕದವಳಿಗೆ ಕೊಡಲು ಕೈ ಚಾಚಿದಳು, ಮತ್ತೆ ಹಿಂದೆ ತೆಗೆದುಕೊಂಡಳು.

“ಒನ್ ಬಟನ್ ವಾಸ್ ದೇರ್...” ಅಂದಳು. ಧ್ವನಿ ಎಲ್ಲೋ ಕಾರ್ಪೆಟ್ಟಿನೊಳಗಿಂದ ಬಂದ ಹಾಗೆ. ಆಮೇಲೆ ತಲೆಯೆತ್ತಿ ಗಟ್ಟಿಯಾಗಿ, “ಇಟ್ ಸೀಮ್ಸ್!”

ಟೀಚರ್ ಚಪ್ಪಾಳೆ ಹೊಡೆಯಲಿಲ್ಲ, ಶಭಾಷ್ ಅನ್ನಲಿಲ್ಲ. “ಯಲ್ಲಾ, ನೆಕ್ಸ್ಟ್” ಅಂದರು, ಅವಳು ದಿನವೂ ಮಾತಾಡುವವಳೇ ಎಂಬ ಹಾಗೆ. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಮನೆಯೊಳಗೆ ಬಂದು ಬಾಗಿಲು ಹಾಕಿ ನೆಲದ ಮೇಲೆ ಕೂತೆ. ಅಂಥ ಸಂತೋಷ ನನಗೆ ಹೆರಿಗೆಯ ದಿನ ಒಮ್ಮೆ ಆಗಿತ್ತು, ಅದು ಬಿಟ್ಟರೆ ಅವತ್ತು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಒಂಟೆಗೆ ಶೀತ ಆಯಿತು, ಇಟ್ ಸೀಮ್ಸ್. ಅದು ಕೆರ್ಚೀಫು ಕೊಳ್ಳಲು ಮಾಲಿಗೆ ಹೋಯಿತು, ಇಟ್ ಸೀಮ್ಸ್. ಸೆಕ್ಯುರಿಟಿಯವನು ಒಂಟೆಯ ಎಮಿರೇಟ್ಸ್ ಐಡಿ ಕೇಳಿದ, ಇಟ್ ಸೀಮ್ಸ್. ಮನೆಯಲ್ಲೂ ಅದೇ. ಹಸಿವೂ ಇಟ್ ಸೀಮ್ಸ್, ಹೋಮ್‌ವರ್ಕೂ ಇಟ್ ಸೀಮ್ಸ್. ಇವರು ಮೊದಲು ನಕ್ಕರು, ಆಮೇಲೆ ತಲೆ ಕೆರೆದುಕೊಂಡರು. “ಅಲ್ವೇ, ಇದು ತಪ್ಪು ಇಂಗ್ಲಿಷ್. ಟೆಸ್ಟಿನಲ್ಲಿ ಹೀಗೆ ಹೇಳಿದ್ರೆ ಕೂಡಲೇ ಹೊರಗೆ ಹಾಕ್ತಾರೆ.” ಹೋಗಿ ಟೀಚರಿಗೆ ಹೇಳಿದೆ.

“ಮೊದ್ಲು ನಲ್ಲಿಯಲ್ಲಿ ನೀರು ಬರ್ಲಿ. ಮತ್ತೆ ಸೋಸುವ” ಅಂದರು.

ಸೋಸಿದರು ಕೂಡಾ. ಟೆಸ್ಟಿಗೆ ಸ್ವಲ್ಪ ದಿನ ಇದೆ ಅನ್ನುವಾಗ ಆಟಕ್ಕೆ ಇನ್ನೊಂದು ಕಾಯಿದೆ ಸೇರಿತು. ಯಾರೋ ಹೇಳಿ ಗೊತ್ತಾದದ್ದಕ್ಕೆ ಮಾತ್ರ ಇಟ್ ಸೀಮ್ಸ್. ನಿನ್ನ ಕಣ್ಣಿಂದ ಕಂಡದ್ದು, ನಿನ್ನ ಕಿವಿಯಿಂದ ಕೇಳಿದ್ದು ಆದರೆ ಅದು ಬೇಡ, ‘ಐ ಸಾ’, ‘ಐ ಹರ್ಡ್’. ಮಕ್ಕಳು ಜಗಳಾಡುತ್ತಿದ್ದರು. ನೀನು ಒಂಟೆ ಕಂಡಿದ್ದೀಯಾ? ಅದರ ಶೀತ ಕಂಡಿದ್ದೀಯಾ? ಹಾಗಾದರೆ ಹಾಕು ಇಟ್ ಸೀಮ್ಸ್. ನನ್ನ ಮಗಳಿಗೆ ಈ ಕಾಯಿದೆ ಅದೆಷ್ಟು ತಲೆಗೆ ಹತ್ತಿತೆಂದರೆ, ಅಜ್ಜಿಯ ಹತ್ತಿರ ಫೋನಿನಲ್ಲಿ ಮಾತಾಡುವಾಗಲೂ “ನೀವು ಕಂಡದ್ದಾ ಅಜ್ಜಿ, ಅಂತೆಯಾ?” ಅಂತ ಕೇಳುತ್ತಿದ್ದಳು. ಊರಿನ ಅರ್ಧ ಸುದ್ದಿ ಅಲ್ಲಿಗೇ ನಿಂತುಹೋಯಿತು.

ಟೆಸ್ಟಿನ ದಿನ ನಮ್ಮಿಬ್ಬರನ್ನೂ ಒಳಗೆ ಕರೆದರು. ಸಪೂರ ಕನ್ನಡಕದ ಒಬ್ಬ ಮಿಸ್. ಹೆಸರು ಕೇಳಿದರು, ಮಗಳು ಹೇಳಿದಳು. ನಿನ್ನ ಅಪ್ಪ ಎಂತ ಮಾಡುತ್ತಾರೆ ಅಂತ ಕೇಳಿದರು.

“ಮೈ ಫಾದರ್ ಈಸ್ ವರ್ಕಿಂಗ್ ಇನ್ ಜೆಬೆಲ್ ಅಲಿ, ಇಟ್ ಸೀಮ್ಸ್.”

ಮಿಸ್ ಕನ್ನಡಕದ ಮೇಲಿಂದ ನೋಡಿ, ಇಟ್ ಸೀಮ್ಸ್ ಅಂದರೇನು, ನಿನಗೆ ಗೊತ್ತಿಲ್ಲವಾ ಅಂದರು.

“ಐ ಡಿಡ್ ನಾಟ್ ಸೀ, ಮಿಸ್. ಹಿ ಓನ್ಲಿ ಈಸ್ ಟೆಲ್ಲಿಂಗ್.”

ಮಿಸ್ ನಿಧಾನಕ್ಕೆ ಇವರ ಕಡೆ ತಿರುಗಿದರು. ನಮ್ಮ ಯಜಮಾನರು ಎಂತ ಮಾಡಿದರು ಗೊತ್ತುಂಟಾ? ಜೇಬಿನಿಂದ ಕಂಪೆನಿಯ ಐಡಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ನಾನು ನೆಲ ನೋಡುತ್ತಾ ಕೂತೆ, ನಗುವೋ ಅಳುವೋ ತಿಳಿಯದೆ. ಮಿಸ್ ತುಟಿ ಬಿಗಿಹಿಡಿದು, ಮತ್ತೆ ನಿನ್ನ ಅಮ್ಮ ಅಂತ ಕೇಳಿದರು.

“ಮೈ ಮದರ್ ಈಸ್ ಕುಕಿಂಗ್. ಐ ಸಾ.” ನನ್ನ ಕಡೆ ತಿರುಗಿ ನೋಡಿದಳು. “ಮೈ ಮದರ್ ಈಸ್ ಕ್ರೈಯಿಂಗ್ ಇನ್ ಕಿಚನ್. ದಟ್ ಆಲ್ಸೋ ಐ ಸಾ. ಆನಿಯನ್, ಇಟ್ ಸೀಮ್ಸ್. ಬಟ್ ಆನಿಯನ್ ಐ ಡಿಡ್ ನಾಟ್ ಸೀ.”

ಇವರು ನನ್ನ ಕಡೆ ನೋಡಿದರು, ನಾನು ನೋಡಲಿಲ್ಲ. ಮಿಸ್ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಸೀರೆಯ ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಈ ಹುಡುಗಿಗೆ ಮಾತು ಬರುವುದಿಲ್ಲ ಅಂತ ಯಾರು ಹೇಳಿದ್ದು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಇಂಗ್ಲಿಷು ತಿದ್ದಿಕೊಳ್ಳಬಹುದು, ಮುಂದಿನ ವಾರದಿಂದ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರಲಿ ಅಂದರು.

ಮನೆಗೆ ಬಂದು ಟೀಚರಿಗೆ ಪೂರ್ತಿ ಹೇಳಿದೆವು. ಐಡಿ ಕಾರ್ಡಿನ ಭಾಗಕ್ಕೆ ಬರುವಾಗ ಅವರು ಬಾಯಿಂದ ಸೂಜಿ ತೆಗೆದಿಟ್ಟು ನಕ್ಕರು. ನೀರುಳ್ಳಿಯ ಭಾಗಕ್ಕೆ ಬರುವಾಗ ನಗು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು. “ಇನ್ನು ಸೋಫಾ ತಗೊಳ್ಳಿ” ಅಂದರು. ನಾನು ಅವರಿಗೆ ಸೋಫಾದ ವಿಷಯ ಹೇಳಿಯೇ ಇರಲಿಲ್ಲ... ಅಥವಾ ಯಾವತ್ತೋ ಹೇಳಿದ್ದೆನೋ, ಈಗ ನೆನಪಿಲ್ಲ.

ತಗೊಂಡೆವು. ಮತ್ತೆ ಕೆಲವು ವರ್ಷ ಎದುರುಬದುರು ಬಾಗಿಲುಗಳು ತೆರೆದೇ ಇದ್ದವು. ರಂಜಾನಿನ ಸಂಜೆ ಅವರ ಸಮೋಸ ಇತ್ತ ಬರುತ್ತಿತ್ತು, ಚೌತಿಯ ದಿನ ನಮ್ಮ ಕಡುಬು ಅತ್ತ ಹೋಗುತ್ತಿತ್ತು. ಇಲ್ಲಿ ಯಾರೂ ಶಾಶ್ವತ ಅಲ್ಲ ಅಂತ ಗೊತ್ತಿದ್ದರೂ ಆ ದಿನಗಳಲ್ಲಿ ನಮಗೆ ಅದು ಮರೆತುಹೋಗಿತ್ತು. ನಾನು ತುಂಬ ಸುಖವಾಗಿದ್ದೆ.

ಆಮೇಲೆ ಅವರ ಯಜಮಾನರ ಕೆಲಸ ಮುಗಿಯಿತು, ವೀಸಾ ಕ್ಯಾನ್ಸಲ್ ಆಯಿತು. ಹೊರಡುವ ಮಧ್ಯಾಹ್ನ ಲಿಫ್ಟಿನ ಮುಂದೆ ಹಗ್ಗ ಬಿಗಿದ ಪೆಟ್ಟಿಗೆಗಳು. ಖರ್ಜೂರದ ಡಬ್ಬಿ ಅವರ ಕೈಚೀಲದಲ್ಲೇ ಇತ್ತು, “ಊರಿನ ಮಕ್ಕಳಿಗೂ ಬೇಕಲ್ಲ” ಅಂದರು. ಕೋಟಿನ ಗುಂಡಿಯನ್ನು ಮಾತ್ರ ಹುಡುಕಿ ತೆಗೆದು ಮಗಳ ಕೈಯಲ್ಲಿಟ್ಟರು. ಮಗಳು ಆಗ ಅವರ ಭುಜದೆತ್ತರ ಬೆಳೆದಿದ್ದಳು. ಲಿಫ್ಟಿನ ಬಾಗಿಲು ಮುಚ್ಚುವುದಕ್ಕೆ ಹೊರಟಾಗ ಟೀಚರ್ ಕಾಲು ಅಡ್ಡ ಇಟ್ಟರು. ತುಟಿಯಲ್ಲಿ ಸೂಜಿ ಇತ್ತು, ಅದನ್ನು ತೆಗೆದು, ಶಾಲೆ ಮಕ್ಕಳ ಹಾಗೆ ನೆಟ್ಟಗೆ ನಿಂತು ಹೇಳಿದರು. “ಐ ವಿಲ್ ಗೋ ಅಂಡ್ ಕಮ್.”

ಮಗಳು ನಕ್ಕಳು. ನಾನೂ ನಕ್ಕೆ. ಬಾಗಿಲು ಮುಚ್ಚಿತು.

ಪ್ರತಿ ಈದಿಗೆ ಫೋನ್ ಬರುತ್ತಿತ್ತು. ನಾವು ಊರಿಗೆ ಹೋದಾಗ ಅವರು ದಮ್ಮಾಮಿನ ಮಗಳ ಮನೆಯಲ್ಲಿ, ಅವರು ಊರಿನಲ್ಲಿದ್ದಾಗ ನಾವು ಇಲ್ಲಿ, ಹೀಗೆಯೇ ಆಯಿತು. ನಾವು ಅಬುಧಾಬಿಗೆ ಬಂದೆವು, ಮಗಳು ಕಾಲೇಜಿಗೆ ಅಂತ ದುಬೈಯಲ್ಲೇ ಹಾಸ್ಟೆಲಿನಲ್ಲಿ ಉಳಿದಳು. ಈಗ ಅವಳ ಇಂಗ್ಲಿಷು ನನಗೇ ಅರ್ಧ ಅರ್ಥವಾಗುವುದಿಲ್ಲ. ನಾನು ಬಾಯಿತಪ್ಪಿ ಇಟ್ ಸೀಮ್ಸ್ ಅಂದರೆ “ಅಮ್ಮಾ, ಪ್ಲೀಸ್” ಅನ್ನುತ್ತಾಳೆ.

ಹೋದ ತಿಂಗಳು ಅವಳ ಫೋನ್ ಬಂತು. “ಅಮ್ಮಾ, ಟೀಚರಾಂಟಿ ಪಾಸ್ಡ್ ಅವೇ... ಇಟ್ ಸೀಮ್ಸ್” ಅಂದಳು.

ಎಷ್ಟೋ ವರ್ಷಗಳ ನಂತರ ಅವಳ ಬಾಯಲ್ಲಿ ಆ ಮಾತು. ಯಾರು ಹೇಳಿದ್ದು ಅಂದೆ. ಹಳೇ ಬಿಲ್ಡಿಂಗಿನವರ ವಾಟ್ಸಾಪ್ ಗ್ರೂಪಿನಲ್ಲಿ ಅವರ ಮಗಳು ಹಾಕಿದ್ದಾಳೆ, ಊರಿನಲ್ಲಿ, ನಿದ್ದೆಯಲ್ಲೇ ಅಂತೆ. “ನಾವು ನೋಡಿಲ್ಲ ಅಲ್ವಾ ಅಮ್ಮ” ಅಂದಳು, ಕನ್ನಡದಲ್ಲಿ, ಏಳು ವರ್ಷದವಳ ಧ್ವನಿಯಲ್ಲಿ. ಆಮೇಲೆ ಅತ್ತಳು. ನಾನೂ ಅತ್ತೆ. ಅವರು ಇಲ್ಲ ಅನ್ನುವುದು ನಿಜವೇ, ಅದು ನನಗೆ ತಿಳಿಯದ್ದೇನಲ್ಲ. ನಾವು ಮೂವರೂ ಒಂದೇ ಮನೆಯಲ್ಲಿ ಉಂಡು ಮಲಗಿದ ಇಷ್ಟು ವರ್ಷಗಳು ಅವರು ಕೊಟ್ಟದ್ದು, ಅದನ್ನು ಅವರಿಗೆ ಒಮ್ಮೆ ಕೂತು ಹೇಳಬೇಕೆಂದಿದ್ದೆ.

ಇವೆಲ್ಲ ಆ ಡಬ್ಬಿಯ ಮುಚ್ಚಳ ಹಿಡಿದು ನಿಂತಾಗ ಬಂದದ್ದು. ಇವರು ಹತ್ತಿರ ಬಂದು ನನ್ನ ಮುಖ ನೋಡಿದರು. ಕಟ್ಟೆಯ ಮೇಲೆ ಆಚೀಚೆ ನೋಡಿದರು. ಖರ್ಜೂರ ಬಿಟ್ಟರೆ ಅಲ್ಲಿ ಎಂತದೂ ಇರಲಿಲ್ಲ.

“ನೀರುಳ್ಳಿ, ಇಟ್ ಸೀಮ್ಸ್” ಅಂದರು ಮೆಲ್ಲಗೆ. ನನಗೆ ಅಳುವಿನ ನಡುವೆಯೇ ನಗು ಬಂತು. ಇಬ್ಬರೂ ಒಂದೊಂದು ಖರ್ಜೂರ ಬಾಯಿಗೆ ಹಾಕಿಕೊಂಡೆವು.

ಟೀಚರ ಕಾಯಿದೆ ನನಗಿನ್ನೂ ಮರೆತಿಲ್ಲ. ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಇಟ್ಟು ಹೋಗಿ ಬರ್ತೇನೆ ಅಂದದ್ದನ್ನು ನಾನು ಈ ಕಣ್ಣಲ್ಲೇ ಕಂಡಿದ್ದೇನೆ, ಈ ಕಿವಿಯಲ್ಲೇ ಕೇಳಿದ್ದೇನೆ. ಹೋದದ್ದು ಮಾತ್ರ... ಹೋದರಂತೆ.